‘ಗಚ್ಛಾಮಿ’ಯ ದೀರ್ಘ ಎಲ್ಲಿಂದ ಬಂತು?

ಜೇಬಿನಲ್ಲಿರುವ ಒಂದು ನಾಣ್ಯವನ್ನು ತೆಗೆದು ನೋಡಿ. ಸಿಂಹಲಾಂಛನದ ಕೆಳಗೆ ಸಣ್ಣಕ್ಷರದಲ್ಲಿರುವ ಕೊನೆಯ ಪದ ‘ಜಯತೇ’. ಎಲ್‌ಐಸಿಯ ಲಾಂಛನದಲ್ಲಿ ‘ವಹಾಮ್ಯಹಂ’ ಎಂದಿದೆ. ಊರಿನ ಹಿರಿಯರು ಫೋನ್ ಇಡುವಾಗ ಹೇಳುವ ‘ಶುಭಮಸ್ತು’ವಿನಲ್ಲಿ ‘ಅಸ್ತು’ ಇದೆ. ಇವೆಲ್ಲ ಸಂಸ್ಕೃತದ ಪೂರ್ಣ ಕ್ರಿಯಾಪದಗಳು. ತೇ, ಮಿ, ತು ಎಂಬ ಬಾಲಗಳ ಸಮೇತ ನಮ್ಮ ಮನೆಯೊಳಗೆ ಬಂದು ಕೂತಿವೆ. ‘ನಮ್ಮ ಯಜಮಾನರು ಆಫೀಸಿಗೆ ಹೋಗಿದ್ದಾರೆ’ ಎನ್ನುವಾಗಿನ ‘ಯಜಮಾನ’ ಕೂಡ ‘ಯಜ್’ ಧಾತುವಿಗೆ ‘ಮಾನ’ ಎಂಬ ಕೃತ್ ಪ್ರತ್ಯಯ ಸೇರಿ ಆದದ್ದೇ. ತನಗಾಗಿ ಯಜ್ಞ ಮಾಡಿಸಿಕೊಳ್ಳುವವನು ಎಂದು ಮೂಲಾರ್ಥ. ಮನೆಯ ಯಜಮಾನರಿಗೆ ಇದು ಗೊತ್ತಿದೆಯೋ ಇಲ್ಲವೋ!

ಪುಣೆಯಲ್ಲಿ ನಮ್ಮ ಕೆಲವು ಕನ್ನಡ ಕುಟುಂಬಗಳ ಮಕ್ಕಳಿಗೆ ಶನಿವಾರ ಸಂಜೆ ನಾನು ಸಂಸ್ಕೃತ ಹೇಳಿಕೊಡುತ್ತೇನೆ. ವೃತ್ತಿಯಿಂದ ನಾನು ಲೆಕ್ಕಪತ್ರದವನು. ಓದಿದ ಸಂಸ್ಕೃತ ಮರೆತುಹೋಗಬಾರದು ಎಂಬುದು ನನ್ನ ಸ್ವಾರ್ಥ, ಪರೀಕ್ಷೆಯಲ್ಲಿ ಪೂರ್ಣ ಅಂಕ ಬರಲಿ ಎಂಬುದು ತಂದೆತಾಯಿಯರ ಸ್ವಾರ್ಥ. ಮಕ್ಕಳು ‘ಗಚ್ಛತಿ, ಗಚ್ಛತಃ, ಗಚ್ಛಂತಿ’ ಎಂದು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಕಳೆದ ವರ್ಷ ಎಂಟನೆಯ ತರಗತಿಯ ಹುಡುಗಿಯೊಬ್ಬಳು ನಡುವೆ ನಿಲ್ಲಿಸಿ ಕೇಳಿದಳು: “ಅಂಕಲ್, ಗಚ್ಛತಿ, ಗಚ್ಛಸಿ ಎರಡರಲ್ಲೂ ‘ಚ್ಛ’ ಹ್ರಸ್ವ. ಗಚ್ಛಾಮಿಯಲ್ಲಿ ಮಾತ್ರ ಯಾಕೆ ದೀರ್ಘ?” ಶಾಲೆಯಲ್ಲಿ ಅವಳಿಗೆ ಸಿಕ್ಕ ಉತ್ತರ ‘ಅದು ಹಾಗೇ ಇರೋದು, ಬಾಯಿಪಾಠ ಮಾಡು’ ಎಂದಂತೆ. ಮುಂದಿನ ವರ್ಷ ಸಂಸ್ಕೃತ ಬಿಟ್ಟು ಫ್ರೆಂಚ್ ತೆಗೆದುಕೊಳ್ಳುವ ಯೋಚನೆಯಲ್ಲಿದ್ದಳು. ಇಷ್ಟು ಒಳ್ಳೆಯ ಪ್ರಶ್ನೆ ಕೇಳುವ ಮಗು ಕೈಬಿಟ್ಟು ಹೋಗುವುದು ನನಗೆ ಇಷ್ಟವಿರಲಿಲ್ಲ.

ಈ ಪ್ರಶ್ನೆಗೆ ಉತ್ತರ ಎರಡು. ಒಂದು ಪಾಣಿನಿಯದು, ಇನ್ನೊಂದು ಚರಿತ್ರೆಯದು. ಎರಡೂ ಸರಿ. ಆದರೆ ಎರಡೂ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲ.

ಪಾಣಿನಿ ಕ್ರಿಯಾಪದದ ಮೂಲ ಪ್ರತ್ಯಯಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿಟ್ಟಿದ್ದಾನೆ. ಒಟ್ಟು 18. ಪರಸ್ಮೈಪದಕ್ಕೆ ಒಂಬತ್ತು, ಆತ್ಮನೇಪದಕ್ಕೆ ಒಂಬತ್ತು. ಮೊದಲನೆಯದು ‘ತಿಪ್’, ಕೊನೆಯದು ‘ಮಹಿಙ್’. ಮೊದಲ ‘ತಿ’ಗೆ ಕೊನೆಯ ‘ಙ್’ ಸೇರಿಸಿದರೆ ‘ತಿಙ್’, ಅಂದರೆ ಇಡೀ ಗುಂಪಿನ ಹೆಸರು. ಕ್ರಿಯಾಪದವನ್ನು ‘ತಿಙಂತ’ ಎನ್ನುವುದು ಇದರಿಂದಲೇ. (ಒಂದು ಎಚ್ಚರಿಕೆ: ನಮ್ಮ ವ್ಯಾಕರಣದಲ್ಲಿ ‘ಪ್ರಥಮ ಪುರುಷ’ ಎಂದರೆ ಅವನು, ಅವಳು, ಅದು. ‘ನಾನು’ ಉತ್ತಮ ಪುರುಷ. ಇಂಗ್ಲಿಷ್ ಮಾಧ್ಯಮದ ಮಕ್ಕಳು ಫಸ್ಟ್ ಪರ್ಸನ್ ಎಂದರೆ ಪ್ರಥಮ ಪುರುಷ ಎಂದುಕೊಂಡು ಎರಡು ಅಂಕ ಕಳೆದುಕೊಳ್ಳುವುದು ಇಲ್ಲೇ.)

‘ತಿ’ ಸಾಕಾಗಿರುವಾಗ ‘ತಿಪ್’ ಏಕೆ? ಆ ‘ಪ್’ ಉಚ್ಚಾರಣೆಗಲ್ಲ, ಗುರುತಿಗೆ. ಪೋಸ್ಟಿನವರು ಹಾಕುವ ಮುದ್ರೆಯ ಹಾಗೆ. ತಿಪ್, ಸಿಪ್, ಮಿಪ್ ಎಂಬ ಮೂರು ಏಕವಚನಗಳಿಗೆ ಮಾತ್ರ ಈ ಮುದ್ರೆ. ಅದರಿಂದ ಏನಾಗುತ್ತದೆ ನೋಡಿ: ‘ಅಸ್’ ಧಾತುವಿನಲ್ಲಿ ಅಸ್ತಿ, ಅಸಿ, ಅಸ್ಮಿ. ಮೂರರಲ್ಲೂ ಮೊದಲ ‘ಅ’ ಉಳಿದಿದೆ. ಬಹುವಚನಕ್ಕೆ ಬಂದರೆ ಸಂತಿ, ಸ್ಥ, ಸ್ಮಃ. ‘ಅ’ ಮಾಯ. ‘ಇ’ ಧಾತುವಿನಲ್ಲಿ ಏಕವಚನ ‘ಏತಿ’, ದ್ವಿವಚನ ‘ಇತಃ’. ‘ಪ್’ ಮುದ್ರೆ ಇದ್ದಲ್ಲಿ ಧಾತು ಗಟ್ಟಿ, ಇಲ್ಲದಲ್ಲಿ ಧಾತು ಕೃಶ. ಅದೇ ‘ಪ್’ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಆ ಪ್ರತ್ಯಯ ಅನುದಾತ್ತ, ಅಂದರೆ ಏರುಸ್ವರ ಅದರ ಮೇಲೆ ಬೀಳುವುದಿಲ್ಲ. ಎರಡು ಸಾವಿರ ವರ್ಷ ಕಳೆದ ಮೇಲೆ ಯುರೋಪಿನ ಭಾಷಾ ವಿಜ್ಞಾನಿಗಳು ತಮ್ಮದೇ ದಾರಿಯಲ್ಲಿ ಬಂದು ತಲುಪಿದ್ದೂ ಇಲ್ಲಿಗೇ: ಸ್ವರ ಧಾತುವಿನ ಮೇಲಿದ್ದಾಗ ಧಾತು ತುಂಬಿಕೊಂಡಿರುತ್ತದೆ, ಸ್ವರ ಪ್ರತ್ಯಯಕ್ಕೆ ಜಾರಿದಾಗ ಧಾತು ಸೊರಗುತ್ತದೆ.

ಬಹುವಚನದ ‘ಝಿ’ ಇನ್ನೂ ಸ್ವಾರಸ್ಯದ್ದು. ಗಚ್ಛಂತಿ ಎನ್ನುವಲ್ಲಿ ‘ಝ’ ಕೇಳಿಸುತ್ತದೆಯೆ? ಇಲ್ಲ. ಸಂಸ್ಕೃತದ ಯಾವ ಕ್ರಿಯಾಪದದ ಕೊನೆಯಲ್ಲೂ ಇದು ಕೇಳಿಸುವುದಿಲ್ಲ. ಪಾಣಿನಿ ‘ಝ್’ ಎಂದು ಇಟ್ಟು, ಆಮೇಲೆ ಅದರ ಜಾಗದಲ್ಲಿ ‘ಅಂತ್’ ಬರುತ್ತದೆ ಎನ್ನುತ್ತಾನೆ. ಬೀಜಗಣಿತದಲ್ಲಿ ನಾವು ‘ಎಕ್ಸ್’ ಇಡುವ ಹಾಗೆ. ಕಾರಣವಿದೆ. ‘ಅವರು ಹೋಗುತ್ತಾರೆ’ ಗಚ್ಛಂತಿ, ಆದರೆ ‘ಅವರು ಕೊಡುತ್ತಾರೆ’ ದದತಿ. ನಡುವಿನ ‘ನ್’ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಎರಡಕ್ಕೂ ಒಂದೇ ಮೂಲ ಬೇಕಾದರೆ ಬಾಯಲ್ಲಿ ಎಲ್ಲೂ ಇಲ್ಲದ ಒಂದು ಅಕ್ಷರವನ್ನು ಕಲ್ಪಿಸಿಕೊಳ್ಳಬೇಕು. ಚರಿತ್ರೆಯವರು ಹೇಳುವುದು: ಬಹಳ ಹಿಂದೆ ಈ ‘ನ್’ ಕೆಲವು ಕಡೆ ಸ್ವರದಂತೆ ನುಡಿಯುತ್ತಿತ್ತು, ಅಂಥ ‘ನ್’ ಸಂಸ್ಕೃತದಲ್ಲಿ ‘ಅ’ ಆಯಿತು, ಹಾಗಾಗಿ ‘ದದತಿ’. ಅವರೂ ಈಗ ಯಾರ ಬಾಯಲ್ಲೂ ಇಲ್ಲದ ಒಂದು ಧ್ವನಿಯನ್ನೇ ಇಟ್ಟುಕೊಂಡು ಲೆಕ್ಕ ಬಿಡಿಸಿದ್ದಾರೆ. ನನಗೆ ಪಾಣಿನಿಯ ಮೇಲಿನ ಗೌರವ ಇಮ್ಮಡಿಯಾದದ್ದು ಈ ‘ಝಿ’ಯಿಂದ.

ಈಗ ಹುಡುಗಿಯ ಪ್ರಶ್ನೆ. ಪಾಣಿನಿಯ ಉತ್ತರ ಚಿಕ್ಕದು: ‘ಅ’ಕಾರದಲ್ಲಿ ಮುಗಿಯುವ ಅಂಗದ ಮುಂದೆ ಮ, ವ ಮೊದಲಾದ ವ್ಯಂಜನಗಳಿಂದ ಶುರುವಾಗುವ ಪ್ರತ್ಯಯ ಬಂದರೆ ಆ ‘ಅ’ ದೀರ್ಘವಾಗುತ್ತದೆ. ಆದ್ದರಿಂದ ಗಚ್ಛಾಮಿ, ಗಚ್ಛಾವಃ, ಗಚ್ಛಾಮಃ. ಪರೀಕ್ಷೆಗೆ ಇಷ್ಟು ಸಾಕು. ಚರಿತ್ರೆಯ ಉತ್ತರಕ್ಕೆ ಸ್ವಲ್ಪ ಸುತ್ತಿ ಹೋಗಬೇಕು.

1786ರಲ್ಲಿ ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್, ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್‌ಗಳಿಗೂ ಧಾತುಗಳಲ್ಲಿ, ವ್ಯಾಕರಣರೂಪಗಳಲ್ಲಿ ಆಕಸ್ಮಿಕ ಎನ್ನಲಾಗದ ನಂಟಿದೆ ಎಂದರು. ಮೂವತ್ತು ವರ್ಷದ ನಂತರ, 1816ರಲ್ಲಿ, ಫ್ರಾನ್ಸ್ ಬೊಪ್ ಎಂಬ ಜರ್ಮನ್ ತರುಣ ಅದನ್ನು ಸಾಲುಸಾಲಾಗಿ ತೋರಿಸಿದ. ಅವನ ಪುಸ್ತಕದ ವಿಷಯವೇ ಸಂಸ್ಕೃತದ ಕ್ರಿಯಾರೂಪಗಳು. ತೌಲನಿಕ ಭಾಷಾ ವಿಜ್ಞಾನ ಎಂಬ ಶಾಸ್ತ್ರ ಹುಟ್ಟಿದ್ದು ದೇವರ ಹೆಸರುಗಳನ್ನೋ ಅಪ್ಪ ಅಮ್ಮ ಎಂಬ ಮಾತುಗಳನ್ನೋ ಹೋಲಿಸಿ ಅಲ್ಲ, ಈ ಬಾಲಗಳನ್ನು ಹೋಲಿಸಿ. ಕೊಡುತ್ತೇನೆ ಎನ್ನಲು ಸಂಸ್ಕೃತದಲ್ಲಿ ‘ದದಾಮಿ’, ಗ್ರೀಕ್‌ನಲ್ಲಿ ‘ದಿದೋಮಿ’. ಇದೆ ಎನ್ನಲು ‘ಅಸ್ತಿ’, ಗ್ರೀಕ್‌ನಲ್ಲಿ ‘ಎಸ್ತಿ’, ಲ್ಯಾಟಿನ್‌ನಲ್ಲಿ ‘ಎಸ್ತ್’. ‘ಸಂತಿ’ಗೆ ಲ್ಯಾಟಿನ್ ‘ಸುಂತ್’. ಇಂಗ್ಲಿಷ್ ತನ್ನ ಬಾಲಗಳನ್ನೆಲ್ಲ ಉದುರಿಸಿಕೊಂಡಿದ್ದರೂ ‘ಐ ಆಮ್’ ಎನ್ನುವಲ್ಲಿ ಕೊನೆಯ ‘ಮ್’ ಉಳಿದಿದೆ. ಅದು ‘ಅಸ್ಮಿ’ಯ ‘ಮಿ’. ದಿನಕ್ಕೆ ನೂರು ಸಲ ನಮ್ಮ ಮಕ್ಕಳು ಅದನ್ನು ಹೇಳುತ್ತಾರೆ.

ಆದರೆ ‘ಹೊರುತ್ತೇನೆ’ ಎಂಬ ಅರ್ಥದ ‘ಭರಾಮಿ’ಗೆ ಸರಿಯಾದ ಗ್ರೀಕ್ ರೂಪ ‘ಫೆರೋ’, ಲ್ಯಾಟಿನ್ ‘ಫೆರೋ’. ‘ಮಿ’ಯೇ ಇಲ್ಲ! ಇರಾನಿನ ಅವೆಸ್ತಾದ ಹಳೆಯ ಗಾಥೆಗಳಲ್ಲಿಯೂ ಈ ವರ್ಗದ ಧಾತುಗಳಿಗೆ ಉತ್ತಮ ಪುರುಷದಲ್ಲಿ ‘ಮಿ’ ಇಲ್ಲದೆ ಬರೀ ‘ಆ’ದಲ್ಲಿ ಮುಗಿಯುವ ರೂಪಗಳು ಸಿಗುತ್ತವೆ. ಅಂದರೆ ಒಂದು ಕಾಲಕ್ಕೆ ‘ನಾನು ಹೋಗುತ್ತೇನೆ’ ಎನ್ನಲು ‘ಗಚ್ಛಾ’ದಂಥ ರೂಪವೇ ಸಾಕಾಗಿತ್ತು. ದೀರ್ಘ ‘ಆ’ಯೇ ಅಲ್ಲಿ ‘ನಾನು’. ಅಸ್ಮಿ, ದದಾಮಿ, ಏಮಿಗಳನ್ನು ನೋಡಿ ‘ಮಿ’ ಇದಕ್ಕೂ ಬಂದು ಅಂಟಿತು. ಹಳೆಯ ಬಾಲದ ಮೇಲೆ ಹೊಸ ಬಾಲ. ಎಲ್‌ಐಸಿಯ ‘ವಹಾಮ್ಯಹಂ’ನಲ್ಲಿ ‘ನಾನು’ ಮೂರು ಸಲ ಇದ್ದಾನೆ: ದೀರ್ಘದಲ್ಲಿ ಒಮ್ಮೆ, ‘ಮಿ’ಯಲ್ಲಿ ಒಮ್ಮೆ, ‘ಅಹಂ’ನಲ್ಲಿ ಒಮ್ಮೆ. ವಿಮೆಗೆ ಇಷ್ಟು ಭದ್ರತೆ ಬೇಕೇಬೇಕು.

ಹಾಗಾದರೆ ಈ ‘ಮಿ’ ಮೂಲದಲ್ಲಿ ಏನು? ಬೊಪ್ ಮತ್ತು ಅವನ ದಾರಿಯವರ ಊಹೆ: ಇವು ಸರ್ವನಾಮಗಳು. ಮಾಂ, ಮಯಾ, ಮೇ, ಮಮ ಎಂಬಲ್ಲಿರುವ ‘ಮ’ವೇ ಧಾತುವಿಗೆ ಅಂಟಿ ‘ಮಿ’ ಆಯಿತು. ‘ತದ್’ನ ‘ತ’ ಅಂಟಿ ‘ತಿ’ ಆಯಿತು. ಕೇಳಲು ಚೆನ್ನಾಗಿದೆ. ‘ಮಿ’ಯ ಮಟ್ಟಿಗೆ ನಂಬಲೂ ಬಹುದು. ಆದರೆ ‘ನೀನು’ ಎನ್ನುವ ‘ತ್ವಂ’ನಿಂದ ‘ಸಿ’ ಹೇಗೆ ಬಂತು? ‘ತ’ಕಾರ ‘ಸ’ಕಾರವಾಯಿತು ಎಂದು ಎಳೆಯಬೇಕಾಗುತ್ತದೆ. ‘ನಾವು’ ಎನ್ನುವುದು ‘ವಯಂ’, ಅದರ ಪ್ರತ್ಯಯವೋ ‘ಮಸ್’. ‘ವ’ಕಾರ ಬರುವುದು ದ್ವಿವಚನದ ‘ವಸ್’ನಲ್ಲಿ. ಕೀಲಿ ಒಂದು ಬೀಗಕ್ಕೆ ಹೊಂದಿದರೆ ಇನ್ನೊಂದಕ್ಕೆ ಹೊಂದುವುದಿಲ್ಲ. ‘ಮಿ’ಯ ಆಚೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಇದೇ ಊಹೆಯನ್ನು ಕನ್ನಡದ ಮೇಲೆ ಇಟ್ಟು ನೋಡಿ. ಬಂದನು: ಅವನು. ಬಂದಳು: ಅವಳು. ಬಂದರು: ಅವರು. ಬಂದೆನು: ಎನ್ನ, ಎನಗೆ ಎಂಬಲ್ಲಿನ ‘ಎನ್’. ಬಂದಿರಿ: ಹಳೆಯ ‘ನೀರ್’, ಅಂದರೆ ನೀವು. ಗಾಜಿನ ಪೆಟ್ಟಿಗೆಯ ಹಾಗೆ ಒಳಗಿರುವುದು ಹೊರಗೇ ಕಾಣುತ್ತದೆ. ಸಂಸ್ಕೃತದಲ್ಲಿ ಬೊಪ್ ಹುಡುಕಿ ಹುಡುಕಿ ಸುಸ್ತಾದ ವ್ಯವಸ್ಥೆ ನಮ್ಮ ಅಡುಗೆಮನೆಯ ಮಾತಿನಲ್ಲಿ ಇದೆ. ಕೇಶಿರಾಜ 13ನೆಯ ಶತಮಾನದಲ್ಲಿ ಕನ್ನಡಕ್ಕೆ ಆರು ಆಖ್ಯಾತ ಪ್ರತ್ಯಯಗಳನ್ನು ಹೇಳಿದ: ಅಂ, ಅರ್, ಅಯ್, ಇರ್, ಎಂ, ಎವು. ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಹಿಡಿದೇ ಹೊರಟವನು ಅವನು. ಆದರೂ ಈ ಆರರಲ್ಲಿ ಒಂದೂ ಪಾಣಿನಿಯ ಹದಿನೆಂಟರಿಂದ ಬಂದದ್ದಲ್ಲ.

ನಮ್ಮ ಸೊಸೈಟಿಯಲ್ಲಿ ‘ಕನ್ನಡವೂ ಸಂಸ್ಕೃತದಿಂದಲೇ ಹುಟ್ಟಿದ್ದಲ್ಲವೇ’ ಎಂದು ಯಾರಾದರೂ ಉದಾರವಾಗಿ ಹೇಳಿದಾಗ ನಾನು ಪದಗಳ ಪಟ್ಟಿ ಹಿಡಿದು ಜಗಳಕ್ಕೆ ನಿಲ್ಲುವುದಿಲ್ಲ. ಪದಗಳನ್ನು ಸಾಲ ತಂದಿದ್ದೇವೆ, ಧಾರಾಳವಾಗಿ. ‘ರಕ್ಷ್’, ‘ಚಿಂತ್’ಗಳನ್ನು ಕರೆದು ತಂದೆವು. ಆದರೆ ‘ರಕ್ಷತಿ’ಯನ್ನು ‘ತಿ’ ಸಮೇತ ಕರೆತಂದು ಹಾಗೇ ಬಳಸಲಿಲ್ಲ. ಬಾಗಿಲಲ್ಲೇ ಬಾಲ ಕಳಚಿಸಿ, ನಮ್ಮ ‘ಇಸು’ ತೊಡಿಸಿ, ‘ರಕ್ಷಿಸಿದನು’, ‘ಚಿಂತಿಸಿದಳು’ ಎಂದು ಕೂರಿಸಿದೆವು. ‘ಶುಭಮಸ್ತು’, ‘ನಾಸ್ತಿ’ಗಳಂಥವು ಇಡಿಯಾಗಿ ಬಂದ ಅತಿಥಿಗಳು. ಕುತೂಹಲದ ಸಂಗತಿ: ಬೊಪ್‌ನ ಪುಸ್ತಕ ಬಂದ ಅದೇ 1816ರಲ್ಲಿ ಮದರಾಸಿನಲ್ಲಿ ಕ್ಯಾಂಬೆಲ್ ಎಂಬವರ ತೆಲುಗು ವ್ಯಾಕರಣ ಅಚ್ಚಾಯಿತು. ಅದಕ್ಕೆ ಅಲ್ಲಿನ ಕಲೆಕ್ಟರ್ ಫ್ರಾನ್ಸಿಸ್ ವೈಟ್ ಎಲ್ಲಿಸ್ ಒಂದು ದೀರ್ಘ ಟಿಪ್ಪಣಿ ಬರೆದರು. ಧಾತುಗಳನ್ನು ಪಕ್ಕಪಕ್ಕ ಇಟ್ಟು, ತೆಲುಗು, ತಮಿಳು, ಕನ್ನಡಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ತಮ್ಮದೇ ಬೇರಿನವು ಎಂದು ತೋರಿಸಿದ್ದು ಆ ಟಿಪ್ಪಣಿ. ಸಂಸ್ಕೃತದ ಬಂಧುಗಳು ಯಾರು ಎಂದು ಯುರೋಪಿನಲ್ಲಿ ಗೊತ್ತಾದ ವರ್ಷವೇ, ಕನ್ನಡದ ಬಂಧುಗಳು ಯಾರು ಎಂದು ಚೆನ್ನೈಯಲ್ಲಿ ಗೊತ್ತಾಯಿತು. ಚೆನ್ನೈ ಕನ್ನಡಿಗರು ಇದನ್ನು ನೆನಪಿಡಬೇಕು.

ಮತ್ತೆ ಸಂಸ್ಕೃತಕ್ಕೆ. ‘ಗಚ್ಛತಿ’ ವರ್ತಮಾನ, ‘ಅಗಚ್ಛತ್’ ಭೂತ. ‘ತಿ’ ಎಲ್ಲಿ, ಬರೀ ‘ತ್’ ಎಲ್ಲಿ? ಪಾಣಿನಿ ‘ತಿ’ಯಿಂದ ಹೊರಟು, ಭೂತಕಾಲದಲ್ಲಿ ಅದರ ‘ಇ’ಕಾರವನ್ನು ಕತ್ತರಿಸುತ್ತಾನೆ. ಚರಿತ್ರೆಯವರು ತಿರುಗುಮುರುಗಾಗಿ ಹೋಗುತ್ತಾರೆ: ಮೂಲ ಮ್, ಸ್, ತ್. ‘ಇದೀಗ, ಇಲ್ಲೇ’ ಎಂದು ಒತ್ತಿ ಹೇಳಲು ‘ಇ’ ಸೇರಿ ಮಿ, ಸಿ, ತಿ ಆದವು. ವೇದದಲ್ಲಿ ‘ಮಸ್’ಗೆ ‘ಮಸಿ’ ಎಂಬ ರೂಪವೂ ಇದೆ, ಅಲ್ಲಿಯೂ ಅದೇ ‘ಇ’. ಆತ್ಮನೇಪದಕ್ಕೆ ಬಂದಾಗ ಮಾತ್ರ ಪಾಣಿನಿ ದಿಕ್ಕು ಬದಲಿಸುತ್ತಾನೆ. ಅಲ್ಲಿ ‘ತ’ವೇ ಮೂಲ, ವರ್ತಮಾನದಲ್ಲಿ ಅದು ‘ತೇ’ ಆಗುತ್ತದೆ. ನಾಣ್ಯದ ಮೇಲಿನ ‘ಜಯತೇ’ಯ ‘ತೇ’ ಇದೇ. (ಲೋಕರೂಢಿಯ ಸಂಸ್ಕೃತದಲ್ಲಿ ಈ ಧಾತುವಿಗೆ ಸಾಮಾನ್ಯ ರೂಪ ‘ಜಯತಿ’. ಮುಂಡಕೋಪನಿಷತ್ತಿನ ಪ್ರಯೋಗ ಹಾಗಿದೆ.) ಒಂದು ಕಡೆ ಕತ್ತರಿಸಿ, ಇನ್ನೊಂದು ಕಡೆ ಬೆಳೆಸಿದ್ದಾನೆ. ಯಾಕೆಂದರೆ ಅವನಿಗೆ ಬೇಕಾದದ್ದು ಯಾವುದು ಮೊದಲು ಹುಟ್ಟಿತು ಎಂಬುದಲ್ಲ, ಕಡಿಮೆ ಮಾತಿನಲ್ಲಿ ಸರಿಯಾದ ರೂಪ ಹೇಗೆ ಸಿಗುತ್ತದೆ ಎಂಬುದು. ‘ಪಾಣಿನಿಯಲ್ಲಿ ಎಲ್ಲವೂ ಇದೆ’ ಎನ್ನುವವರೂ ‘ಪಾಣಿನಿಗೆ ಚರಿತ್ರೆ ಗೊತ್ತಿರಲಿಲ್ಲ’ ಎನ್ನುವವರೂ ಇಲ್ಲಿ ಸ್ವಲ್ಪ ತಾಳಬೇಕು. ಅಡುಗೆ ಪುಸ್ತಕದಲ್ಲಿ ಅಕ್ಕಿ ಯಾವ ಗದ್ದೆಯದು ಎಂದು ಬರೆದಿರುವುದಿಲ್ಲ.

ಪ್ರತ್ಯಯ ಹುಟ್ಟುವುದನ್ನು ಕಣ್ಣಾರೆ ನೋಡಬೇಕಾದರೆ ಲುಟ್ ಲಕಾರಕ್ಕೆ ಹೋಗಬೇಕು. ‘ನಾಳೆ ಹೋಗುವೆನು’ ಎನ್ನಲು ‘ಗಂತಾಸ್ಮಿ’. ಬಿಡಿಸಿದರೆ ಗಂತಾ, ಅಸ್ಮಿ. ‘ಹೋಗುವವನು ಆಗಿದ್ದೇನೆ’. ನೀನು ‘ಗಂತಾಸಿ’. ಪ್ರಥಮ ಪುರುಷದಲ್ಲಿ ‘ಅಸ್ತಿ’ಯನ್ನೂ ಬಿಟ್ಟು ಬರೀ ‘ಗಂತಾ’. ಶುದ್ಧ ನಾಮಪದವೇ ಕ್ರಿಯಾಪದದ ಕುರ್ಚಿಯಲ್ಲಿ ಕೂತಿದೆ. ಅದು ನಿಜವಾಗಿ ಕ್ರಿಯಾಪದವಾಗಿಬಿಟ್ಟಿದೆ ಎನ್ನಲು ಸಾಕ್ಷಿ: ಸೀತೆ ಹೋಗುವಳು ಎನ್ನುವಾಗಲೂ ಸ್ತ್ರೀಲಿಂಗದ ‘ಗಂತ್ರೀ’ ಬರುವುದಿಲ್ಲ, ‘ಗಂತಾ’ ಎಂದೇ. ತಿಙಂತಕ್ಕೆ ಲಿಂಗವಿಲ್ಲವಲ್ಲ! ಪುರಾಣ ಕೇಳಿದವರಿಗೆ ಪರಿಚಿತವಾದ ‘ಕಥಯಾಮಾಸ’ವೂ ಹೀಗೆಯೇ: ‘ಕಥಯಾಂ’ ಮತ್ತು ‘ಆಸ’, ಎರಡು ಮಾತು ಬೆಸೆದು ಒಂದಾದದ್ದು.

ಹುಟ್ಟಿದ್ದು ಹೇಗೋ, ಸವೆದದ್ದೂ ಹಾಗೆಯೇ. ಆಡುಮಾತು ಪ್ರಾಕೃತಗಳಾಗಿ ಮುಂದುವರಿದಾಗ ಹದಿನೆಂಟು ಬಾಲಗಳಲ್ಲಿ ಬಹುಪಾಲು ಉದುರಿದವು. ‘ಚಲತಿ’ ‘ಚಲಇ’ ಆಗಿ, ಹಿಂದಿಯ ‘ಚಲೇ’ಯಲ್ಲಿ ಒಂದು ‘ಏ’ ಮಾತ್ರ ಉಳಿದಿದೆ. ಭೂತಕಾಲದ ‘ಅಗಚ್ಛತ್’ ಪೂರ್ತಿ ಹೋಗಿ, ಅದರ ಜಾಗಕ್ಕೆ ‘ಗತ’ ಎಂಬ ಕೃದಂತ ಬಂತು. ಅದೇ ‘ಗಯಾ’. ‘ಕೃತ’ವೇ ‘ಕಿಯಾ’. ಕೃದಂತ ನಾಮಪದದ ಜಾತಿಯದು, ಲಿಂಗ ಬಿಡುವುದಿಲ್ಲ. ಆದ್ದರಿಂದ ಗಯಾ, ಗಯೀ. ದೆಹಲಿಗೆ ಬಂದ ಹೊಸದರಲ್ಲಿ ಪ್ರತಿಯೊಬ್ಬ ಕನ್ನಡಿಗನೂ ಎಡವುವ ‘ಮೈನೇ ರೋಟೀ ಖಾಯೀ’ ಕೂಡ ಇಲ್ಲಿಂದಲೇ. ತಿಂದವನು ನಾನು ಗಂಡಸು, ‘ಖಾಯೀ’ ಯಾಕೆ? ಯಾಕೆಂದರೆ ಒಳಗೆ ಕೂತಿರುವ ವಾಕ್ಯ ‘ನನ್ನಿಂದ ರೊಟ್ಟಿ ತಿನ್ನಲ್ಪಟ್ಟಿತು’ ಎಂಬ ಹಳೆಯ ಕರ್ಮಣಿ, ಕ್ರಿಯೆ ರೊಟ್ಟಿಯ ಲಿಂಗ ಹಿಡಿದಿದೆ. ಇವತ್ತಿನ ಸಂಭಾಷಣ ಶಿಬಿರಗಳಲ್ಲಿ ‘ಅಗಚ್ಛತ್’ ಬಿಟ್ಟು ‘ಗತವಾನ್, ಗತವತೀ’ ಕಲಿಸುತ್ತಾರೆ, ಸುಲಭವೆಂದು. ಪ್ರಾಕೃತದವರಿಗೂ ಹಾಗೇ ಅನ್ನಿಸಿರಬೇಕು.

ಈ ಸವೆತ ನನಗೆ ಬರೀ ಪುಸ್ತಕದ ವಿಷಯವಲ್ಲ. ಶನಿವಾರದ ಮಕ್ಕಳ ಕನ್ನಡದಲ್ಲಿ ನಾಮಪದಗಳು ಗಟ್ಟಿಯಾಗಿವೆ. ಅಜ್ಜಿ, ಸಾರು, ಉಪ್ಪಿಟ್ಟು, ಬೇಸಿಗೆ ರಜೆ, ಯಾವುದೂ ಹೋಗಿಲ್ಲ. ಹೋಗುತ್ತಿರುವುದು ಬಾಲ. “ಅಮ್ಮ ಬಂದ” ಎನ್ನುತ್ತಾನೆ ಒಬ್ಬ. “ನಾವು ನಾಳೆ ಹೋಗ್ತೀನಿ” ಎನ್ನುತ್ತಾಳೆ ಇನ್ನೊಬ್ಬಳು. ಒಬ್ಬನಂತೂ ಉಪಾಯ ಕಂಡುಕೊಂಡಿದ್ದಾನೆ: “ಅಜ್ಜಿ ಕಾಲ್ ಮಾಡೋದು”, “ನಾನು ತಿನ್ನೋದು”, “ಅವರು ಬರೋದು”. ಎಲ್ಲ ಪುರುಷಕ್ಕೂ, ಎಲ್ಲ ವಚನಕ್ಕೂ ಒಂದೇ ‘ಓದು’. ಸಂಸ್ಕೃತದ ಒಂಬತ್ತು ರೂಪಗಳನ್ನು ತಪ್ಪಿಲ್ಲದೆ ಒಪ್ಪಿಸುವ ನಾಲಿಗೆ ಅದೇ.

ಹಾಗಾಗಿ ಪ್ರಶ್ನೆ ಕೇಳಿದ ಹುಡುಗಿಯನ್ನೇ ಬೋರ್ಡಿಗೆ ಕರೆದು ಎರಡು ಕೋಷ್ಟಕ ಬರೆಸಿದೆ. ಎಡಗಡೆ ಗಚ್ಛತಿಯ ಒಂಬತ್ತು ಮನೆ. ಬಲಗಡೆ ‘ಹೋಗು’. ಬಲಗಡೆಯ ದ್ವಿವಚನದ ಕಂಬಸಾಲು ಖಾಲಿ ಉಳಿಯಿತು, ಅಳಿಸಿದಳು. ಪ್ರಥಮ ಪುರುಷದ ಏಕವಚನಕ್ಕೆ ಒಂದು ಮನೆ ಸಾಲದೆ ಮೂರು ಮಾಡಿದಳು: ಹೋದನು, ಹೋದಳು, ಹೋಯಿತು. ಬಹುವಚನಕ್ಕೆ ಎರಡು: ಹೋದರು, ಹೋದವು. ‘ನೀನು ಹೋಗು’ ಎಂಬ ಆಜ್ಞೆಯಲ್ಲಿ ಬಾಲವೇ ಇಲ್ಲ ಎಂದು ಅವಳೇ ಕಂಡುಹಿಡಿದು, ಸಂಸ್ಕೃತದ ‘ಗಚ್ಛ’ದಲ್ಲೂ ಇಲ್ಲವಲ್ಲ ಎಂದು ತೋರಿಸಿದಳು. ಪಾಣಿನಿ ಅಲ್ಲಿ ‘ಹಿ’ ಎಂಬ ಪ್ರತ್ಯಯವನ್ನು ಇಟ್ಟು ಆಮೇಲೆ ಲೋಪ ಮಾಡುತ್ತಾನೆ ಎಂದಾಗ ಎಲ್ಲರೂ ನಕ್ಕರು.

ಕೋಷ್ಟಕ ಮುಗಿಯಿತು ಎನ್ನುವಾಗ ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ. ಮೊನ್ನೆ “ಅಜ್ಜಿ ಬಂದ” ಎಂದದ್ದಕ್ಕೆ ಮನೆಯಲ್ಲಿ “ಅಜ್ಜಿ ಬಂದ್ರು” ಎಂದು ತಿದ್ದಿದರಂತೆ. “ಅಜ್ಜಿ ಒಬ್ರೇ ಅಲ್ವಾ ಅಂಕಲ್? ‘ಬಂದ್ರು’ನ ಯಾವ ಮನೇಲಿ ಬರೀಬೇಕು?”